ಕುರಿಹಾಳಕ್ಕೆ ತಡವಾಗಿ ಹೋದ ಹಿಟ್ಟು

ಕಳೆದ ಶ್ರಾವಣದಲ್ಲಿ ಧಾರವಾಡದ ನಮ್ಮ ಓಣಿಯ ಅಂಗನವಾಡಿಯ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಯಾರೋ ಹಿಟ್ಟು ಹುರಿಯುತ್ತಿದ್ದರು. ಮೆಕ್ಕೆಜೋಳಕ್ಕೆ ಸೋಯಾ ಬೆರೆಸಿದ ಹಿಟ್ಟನ್ನು ಎಣ್ಣೆಯಲ್ಲಿ ಹುರಿದರೆ ಮೊದಲು ಹಸಿಕಾಳಿನ ವಾಸನೆ ಬರುತ್ತದೆ, ಆಮೇಲೆ ಸ್ವಲ್ಪ ಕಮಟು, ಕೊನೆಗೆ ಬಿಸ್ಕತ್ತಿನಂಥ ಘಮ. ತರಕಾರಿ ಚೀಲ ಹಿಡಿದುಕೊಂಡು ಮೂರೂ ವಾಸನೆ ಮುಗಿಯುವವರೆಗೆ ಅಲ್ಲೇ ನಿಂತೆ. ಒಳಗಿನಿಂದ ಒಬ್ಬ ಹುಡುಗಿ ಬಂದು ಯಾರು ಬೇಕಾಗಿತ್ತು ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಮನೆಗೆ ಬಂದ ಮೇಲೂ ಕೂರಲಾಗಲಿಲ್ಲ. ಅಡುಗೆಮನೆಗೆ ಹೋದೆ, ಹಿತ್ತಲಿಗೆ ಹೋದೆ, ಮತ್ತೆ ಬಾಗಿಲಿಗೆ ಬಂದು ಆಕಾಶ ನೋಡಿದೆ. ಈಗ ಯಾವ ಲಾರಿಯೂ ನನ್ನ ಮಾತಿಗೆ ಕಾದು ನಿಂತಿಲ್ಲ. ಆದರೂ ಮೋಡ ಕಂಡರೆ ಎದ್ದು ಬಾಗಿಲಿಗೆ ಓಡುವುದು ಆ ವರ್ಷದಿಂದ ಬಂದದ್ದು, ಹೋಗಿಲ್ಲ.

ಎಂಬತ್ತರ ದಶಕದ ನಡುವಿನ ವರ್ಷಗಳು ಅವು. ಎರಡು ಮಳೆಗಾಲ ಕೈಕೊಟ್ಟು ನವಲಗುಂದದ ಕಡೆಯ ಕೆರೆಗಳು ತಳ ಕಂಡಿದ್ದವು. ಆ ಸೀಮೆಯಲ್ಲಿ ಬಾವಿ ತೋಡಿದರೆ ಸವಳು ನೀರು. ಕುಡಿಯಲು ಕೆರೆಯೇ ಗತಿ. ಪರದೇಶದ ನೆರವಿನಿಂದ ನಡೆಯುವ ಒಂದು ಸಂಸ್ಥೆ ಅಲ್ಲಿ ಎರಡು ಕೆಲಸ ಹಿಡಿದಿತ್ತು. ಒಂದು, ಕೆರೆಗಳ ಹೂಳು ತೆಗೆಸುವುದು. ಇನ್ನೊಂದು, ಹನ್ನೊಂದು ಹಳ್ಳಿಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೊಂದು ಹೊತ್ತು ಬೇಯಿಸಿ ಉಣಿಸುವುದು. ನನಗಾಗ ಇಪ್ಪತ್ತೆಂಟು ವಯಸ್ಸು. ಹುಬ್ಬಳ್ಳಿಯ ಒಂದು ಲಾರಿ ಸಾಗಾಣಿಕೆ ಕಚೇರಿಯಲ್ಲಿ ಐದು ವರ್ಷ ದುಡಿದಿದ್ದೆ. ಲಾರಿಯವರ ಜೊತೆ ಮಾತಾಡಿ ಗೊತ್ತಿರುವ ಹೆಣ್ಣುಮಗಳು ಅಂತಲೇ ನನ್ನನ್ನು ತೆಗೆದುಕೊಂಡರು.

ನೇಮಕದ ಕಾಗದದಲ್ಲಿ 'ಪ್ರೋಗ್ರಾಮ್ ಸಪೋರ್ಟ್ ಮ್ಯಾನೇಜರ್' ಎಂದಿತ್ತು. ಹಾಗೆಂದರೆ ಏನು ಕೆಲಸ ಎಂದು ನಮ್ಮ ಅವ್ವ ಎಷ್ಟೋ ಸಲ ಕೇಳಿ, ಕೊನೆಗೆ ತಾನೇ ಬೇಸತ್ತು, ನೆರೆಯವರಿಗೆ 'ಉಗ್ರಾಣ ನೋಡಕೋತಾಳ' ಎಂದು ಹೇಳಿಬಿಟ್ಟಳು. ಅದೂ ಸುಳ್ಳಲ್ಲ. ನರ್ಸು ಮಕ್ಕಳನ್ನು ತೂಗುತ್ತಿದ್ದಳು, ಇಂಜಿನಿಯರ್ ಕೆರೆ ಅಳೆಯುತ್ತಿದ್ದ, ಅವರಿಬ್ಬರಿಗೂ ಬೇಕಾದದ್ದು ಬೇಕಾದ ದಿನ ಬೇಕಾದ ಊರಿನಲ್ಲಿ ಇರುವಂತೆ ನೋಡಿಕೊಳ್ಳುವುದು ನನ್ನ ಪಾಲು. ತಕ್ಕಡಿ, ಸಲಿಕೆ, ಎಣ್ಣೆ ಡಬ್ಬಿ, ಡೀಸೆಲ್, ಜೀಪಿನ ಟೈರು, ಟಪಾಲು, ತಾಲೂಕು ಕಚೇರಿಯ ಪರವಾನಗಿ. ಮಕ್ಕಳಿಗೆ ಬೇಯಿಸುವ ಆ ಮೆಕ್ಕೆಜೋಳ-ಸೋಯಾ ಹಿಟ್ಟು ರೈಲಿನಲ್ಲಿ ಅಣ್ಣಿಗೇರಿಗೆ ಬರುತ್ತಿತ್ತು. ಅಲ್ಲಿ ಮುಚ್ಚಿಹೋದ ಒಂದು ಹತ್ತಿ ಜಿನ್ನಿಂಗ್ ಗಿರಣಿಯ ಗೋದಾಮನ್ನು ಬಾಡಿಗೆ ಹಿಡಿದಿದ್ದೆವು. ಅಲ್ಲಿಂದ ನಮ್ಮ ಹಳೆಯ ಲಾರಿ ಹಳ್ಳಿಗಳಿಗೆ ಹೋಗಬೇಕು. ನವಲಗುಂದದ ಎರಡು ಕೋಣೆಯ ಕಚೇರಿಯಲ್ಲಿ ಕೂತು ಯಾವ ಗಾಡಿ ಯಾವ ದಿನ ಎಲ್ಲಿಗೆ ಎಂದು ನಾನು ಗೊತ್ತುಮಾಡುತ್ತಿದ್ದೆ. ಕೂತು ಎಂದೆ, ಕೂತದ್ದು ಕಡಿಮೆ. ಒಂದು ಕಡೆ ಇದ್ದರೆ ಇನ್ನೊಂದು ಕಡೆ ಏನೋ ಕೆಡುತ್ತಿದೆ ಎನ್ನಿಸಿ, ಬಂದ ಬಸ್ಸು ಹತ್ತಿ ಅಣ್ಣಿಗೇರಿಗೆ ಹೋಗುತ್ತಿದ್ದೆ. ಅಲ್ಲಿ ಮುಟ್ಟಿದ ಕೂಡಲೆ ನವಲಗುಂದದ ಚಿಂತೆ. ಹಳ್ಳಿಗಳಲ್ಲಿ ನನ್ನನ್ನು ಎಲ್ಲರೂ ಬಾಯಾರು ಎನ್ನುತ್ತಿದ್ದರು, ಶಾಲೆಯ ಹೆಣ್ಣು ಮಾಸ್ತರರನ್ನು ಕರೆಯುವ ಹಾಗೆ. ಆವರೆಗೆ ನಾನು ಯಾವ ಹಳ್ಳಿಯಲ್ಲೂ ಒಂದು ತಾಸಿಗಿಂತ ಹೆಚ್ಚು ನಿಂತವಳಲ್ಲ.

ಹನ್ನೊಂದರಲ್ಲಿ ಕಟ್ಟಕಡೆಯ ಊರು ಕುರಿಹಾಳ. ದರ್ಗಾ ಇರುವ ಯಮನೂರಿನಿಂದ ಒಂದೂವರೆ ಹರದಾರಿ, ಸುಮಾರು ನಾಲ್ಕೂವರೆ ಮೈಲಿ, ಬೆಣ್ಣಿಹಳ್ಳದ ಆಚೆ ದಡ. ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ಲಾರಿ ಅದರ ಪಾತ್ರದಲ್ಲೇ ಇಳಿದು ಹತ್ತುತ್ತಿತ್ತು. ಮಳೆ ಬಿತ್ತೆಂದರೆ ಆ ಕಪ್ಪು ಎರೆಮಣ್ಣಿನ ದಾರಿ ಮುಗಿದಂತೆ. ಚಕ್ರಕ್ಕೆ ಮೆತ್ತಿಕೊಂಡು, ಚಕ್ರ ಚಕ್ರವಾಗಿರದೆ ಮಣ್ಣಿನ ಮುದ್ದೆಯಾಗಿ, ಗಾಡಿ ನಿಂತಲ್ಲೇ ಹೂತುಹೋಗುತ್ತದೆ.

ಕುರಿಹಾಳದಲ್ಲಿ ಮಕ್ಕಳ ಅಡುಗೆ ಮಾಡುತ್ತಿದ್ದವಳು ನೀಲವ್ವ. ನಲವತ್ತರ ಆಚೀಚಿನ ವಿಧವೆ, ದಿನಾ ಲಿಂಗಪೂಜೆ ಮಾಡಿಯೇ ಒಲೆ ಹಚ್ಚುವವಳು, ಮೈದುನನ ಮನೆಯಲ್ಲಿ ಇದ್ದವಳು. ಮಕ್ಕಳೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕೆಂಬುದು ಸಂಸ್ಥೆಯ ನಿಯಮ. ಉಳಿದ ಊರುಗಳಲ್ಲಿ ಆ ನಿಯಮಕ್ಕೆ ಏನೇನೋ ಉಪಾಯ ಹುಡುಕಿಕೊಂಡಿದ್ದರು. ಹೊಲಗೇರಿಯ ಮಕ್ಕಳು ಒಂದು ತಾಸು ತಡವಾಗಿ ಬರುವುದು, ಬುತ್ತಿ ಕಟ್ಟಿಕೊಂಡು ಹೋಗುವುದು, ಹೀಗೆ. ನೀಲವ್ವ ಮಾತ್ರ ಅದನ್ನು ಹೇಳಿದ ಹಾಗೇ ಹಿಡಿದಳು. ಮೈದುನ ಒಂದು ವಾರ ಮಾತು ಬಿಟ್ಟನಂತೆ. ನಾಲ್ಕು ಮನೆಯವರು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸಿ, ಹಿಟ್ಟಿನ ಘಮಕ್ಕೆ ಮಕ್ಕಳೇ ಓಡಿಬಂದಾಗ ಸುಮ್ಮನಾದರಂತೆ. ಶಿವರಾತ್ರಿಯ ಹೊತ್ತಿಗೆ ನಾನು ತಕ್ಕಡಿ ತೆಗೆದುಕೊಂಡು ಹೋದಾಗ ಶಾಲೆಯ ಪಡಸಾಲೆಯಲ್ಲಿ ಉದ್ದಕ್ಕೆ ಒಂದು ಗೋಣಿತಟ್ಟು ಹಾಸಿತ್ತು, ಅದರ ಮೇಲೆ ಮೂವತ್ತು ಮಕ್ಕಳು. ಬಾಗಿಲ ಹೊರಗೆ ನಿಂತು ನೋಡುತ್ತಿದ್ದ ಹೆಂಗಸು ದುರ್ಗವ್ವ. ಕೂಲಿ ಮಾಡುವವಳು, ಹೊಲಗೇರಿಯವಳು. ಅವಳ ಮಗಳು ರೇಣಿ ಮೂರು ವರ್ಷದ್ದು, ನರ್ಸಿನ ಪಟ್ಟಿಯಲ್ಲಿ ಎಲ್ಲರಿಗಿಂತ ಕಡಿಮೆ ತೂಕದ ಮಗು. ಗೌಡರ ಮೊಮ್ಮಗನ ಪಕ್ಕ ಕೂತು ರೇಣಿ ಬೆರಳು ನೆಕ್ಕುವುದನ್ನು ದುರ್ಗವ್ವ ಮೊದಲ ಎರಡು ವಾರ ಹೀಗೇ ಬಾಗಿಲಲ್ಲಿ ನಿಂತು ಕಾದಳು ಎಂದು ನೀಲವ್ವ ಮುಂದೊಮ್ಮೆ ಹೇಳಿದಳು. ಯಾರಾದರೂ ಎಬ್ಬಿಸಿಯಾರು ಎಂಬ ಹೆದರಿಕೆ. ಆಮೇಲೆ ಧೈರ್ಯ ಬಂದು ಕೆಲಸಕ್ಕೆ ಹೋಗತೊಡಗಿದಳು.

ಮೇ ಮುಗಿಯುವುದರೊಳಗೆ ಎಲ್ಲ ಊರಿಗೂ ಒಂದು ತಿಂಗಳಿಗಾಗುವಷ್ಟು ಹಿಟ್ಟು ಮುಟ್ಟಿಸಿಬಿಡಬೇಕೆಂಬುದು ನನ್ನ ಯೋಜನೆ. ಹತ್ತು ಊರಿಗೆ ಮುಟ್ಟಿತು. ಕೊನೆಯ ಲೋಡು ಕುರಿಹಾಳದ್ದು. ಅಣ್ಣಿಗೇರಿಯಲ್ಲಿ ಲಾರಿ ತುಂಬಿ ನಿಂತಿತ್ತು, ಚೀಲಗಳ ಮೇಲೆ ನಾನೇ ನೀಲಿ ಬಣ್ಣದಲ್ಲಿ ಊರಿನ ಹೆಸರು ಬರೆಸಿದ್ದೆ. ಅಂದು ಬೆಳಿಗ್ಗೆ ಜೋಸೆಫ್ ಸರ್ ಬಂದರು. ಮಂಗಳೂರಿನವರು, ಸಂಸ್ಥೆಯ ನಮ್ಮ ಭಾಗದ ಮುಖ್ಯಸ್ಥರು, ದನಿ ಏರಿಸಿ ಮಾತಾಡದ ಮನುಷ್ಯ. ಪರದೇಶದ ಕಚೇರಿಯಿಂದ ಮೂವರು ಬರುತ್ತಿದ್ದಾರೆ, ನಾಳೆ ಒಂದೇ ದಿನ ಇರುತ್ತಾರೆ, ಹಿಟ್ಟು ಊರಿಗೆ ಬಂದು ಇಳಿಯುವುದನ್ನು ಅವರಿಗೆ ತೋರಿಸಿದರೆ ಚೆನ್ನ ಎಂದರು. ಕುರಿಹಾಳದವರೆಗೆ ಅವರನ್ನು ಜೀಪಿನಲ್ಲಿ ಕುಲುಕಿಸಿಕೊಂಡು ಹೋಗುವುದು ಕಷ್ಟ. ಡಾಂಬರು ರಸ್ತೆಯ ಬದಿಯಲ್ಲೇ ಇರುವ ಬಸಾಪುರದಲ್ಲಿ ಇಟ್ಟುಕೊಳ್ಳಬಹುದೇ ಎಂದು ಕೇಳಿದರು.

"ತುಂಬಿದ ಲಾರಿ ಒಂದು ಬೇಕಾಗ್ತದೆ. ನಿಮಗೆ ಕಷ್ಟವಾದರೆ ಬೇಡ, ಬೇರೆ ಏನಾದರೂ ಮಾಡುವ," ಎಂದರು.

ಇದನ್ನು ಸರಿಯಾಗಿ ಹೇಳಬೇಕು. ಅವರು ನನಗೆ ಆಜ್ಞೆ ಮಾಡಲಿಲ್ಲ. ಒತ್ತಾಯವನ್ನೂ ಮಾಡಲಿಲ್ಲ. ಇಲ್ಲ ಎನ್ನಲು ಬಾಗಿಲು ತೆರೆದೇ ಇಟ್ಟಿದ್ದರು. ಆದರೆ ಒಂದು ವರ್ಷದಿಂದ ಗೋದಾಮಿನ ದೂಳಿನಲ್ಲಿ ಮಾಡಿದ ಕೆಲಸವನ್ನು ಯಾರೂ ನೋಡಿರಲಿಲ್ಲ. ನರ್ಸಿನ ಫೋಟೋ ವರದಿಯಲ್ಲಿ ಬರುತ್ತಿತ್ತು, ಕೆರೆಯ ಫೋಟೋ ಬರುತ್ತಿತ್ತು. ಬಾಗಿದ ಬೆನ್ನಿನ ಮೇಲಿಂದ ಚೀಲಗಳು ಸರಸರನೆ ಇಳಿಯುವುದನ್ನು, ಹೆಂಗಸರು ಗದ್ದಲವಿಲ್ಲದೆ ನಿಂತಿರುವುದನ್ನು ಅವರೂ ನೋಡಲಿ ಎಂಬ ಆಸೆ ನನ್ನೊಳಗೆ ಇತ್ತು. ಆಗತದ ಸರ್ ಎಂದೆ.

ಲಾರಿ ನಡೆಸುತ್ತಿದ್ದವರು ಹುಸೇನಸಾಬರು. ನವಲಗುಂದದವರೇ, ನಮ್ಮ ಅಪ್ಪನ ವಯಸ್ಸಿನವರು, ನಾನು ಕಾಕಾ ಎನ್ನುತ್ತಿದ್ದೆ. ಬಸಾಪುರಕ್ಕೆ ಹೋಗಬೇಕೆಂದಾಗ ಅವರು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಪಡುವಣದ ಕಡೆ ನೋಡಿದರು.

"ಗಾಳಿ ತಿರಗೇತ್ರಿ ಬಾಯಾರ. ಕುರಿಹಾಳದ್ದು ಇವತ್ತ ಹಾಕಿ ಬರತೀನಿ. ಬಸಾಪುರ ರೋಡಿನ ಬಾಜೂಕ ಐತಿ, ಯಾವಾಗ ಬೇಕಾದ್ರೂ ಹೋಗಬಹುದು."

"ಬರೂದ್ರಾಗ ನಿಮಗ ಸಂಜಿ ಆಗತದ ಕಾಕಾ, ನಾಳೆ ಮುಂಜಾನೆ ಲಾರಿ ತುಂಬಿ ನಿಂತಿರಬೇಕು. ಎರಡ ದಿನಾ ಅಷ್ಟ. ಎರಡ ದಿನದಾಗ ಏನಾಗತದ?"

ಅವರು ಲಾರಿಯ ಗಾಜು ಒರೆಸತೊಡಗಿದರು.

ಮರುದಿನ ಬಸಾಪುರದಲ್ಲಿ ಎಲ್ಲವೂ ನಾನು ಅಂದುಕೊಂಡಂತೆಯೇ ನಡೆಯಿತು. ಚೀಲಗಳು ಇಳಿದವು, ಹೆಂಗಸರು ನೆರಳಿನಲ್ಲಿ ಸಾಲಾಗಿ ನಿಂತರು, ಹೂಳೆತ್ತುತ್ತಿದ್ದ ಗಂಡಸರೂ ಬುಟ್ಟಿ ಕೆಳಗಿಟ್ಟು ನೋಡಲು ಬಂದರು. ಬಂದವರಲ್ಲಿ ಒಬ್ಬ ಹಿರಿಯ ಹೆಂಗಸು ಇದನ್ನೆಲ್ಲ ಯಾರು ಏರ್ಪಾಡು ಮಾಡಿದ್ದು ಎಂದು ಕೇಳಿದಾಗ ಜೋಸೆಫ್ ಸರ್ ನನ್ನತ್ತ ಕೈ ತೋರಿಸಿದರು. ಆಕೆ ನನ್ನ ಕೈ ಹಿಡಿದು ಕುಲುಕಿದರು. ನನಗೆ ಬಹಳ ಸಂತೋಷವಾಯಿತು. ಈಗ ಬರೆಯುವಾಗ ಆ ಸಂತೋಷವನ್ನು ಕಡಿಮೆ ಮಾಡಿ ಹೇಳಲು ಮನಸ್ಸು ಎಳೆಯುತ್ತದೆ, ಆದರೆ ಆಗಿದ್ದು ಅಷ್ಟೂ ನಿಜ.

ಅದೇ ದಿನ ಮೂರು ಗಂಟೆಗೆ ಮಳೆ ಬಂತು.

ಎರಡು ವರ್ಷ ಕಾದ ಮಳೆ. ನವಲಗುಂದದ ಬಜಾರಿನಲ್ಲಿ ಅಂಗಡಿಯವರು ಗಲ್ಲಾಪೆಟ್ಟಿಗೆ ಬಿಟ್ಟು ರಸ್ತೆಗೆ ಇಳಿದು ನಿಂತರು. ಮುದುಕರು ಪಟಗ ತೆಗೆದು ಬೋಳುತಲೆ ತೋಯಿಸಿಕೊಂಡರು. ಸಿಟ್ಟಿನ ಮನುಷ್ಯ ಎಂದು ಹೆಸರಾದ ನಮ್ಮ ಮನೆ ಮಾಲೀಕರು ಸಕ್ಕರೆ ತರಿಸಿ ಬಂದವರ ಬಾಯಿಗೆಲ್ಲ ಹಾಕಿದರು, ನನ್ನ ಅಂಗೈಯಲ್ಲೂ ಇಟ್ಟರು. ಊರಿಗೆ ಊರೇ ನಗುತ್ತಿತ್ತು. ನಾನು ಮಾತ್ರ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗಾಡುತ್ತ, ಇದು ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದೆ. ಆ ಸೀಮೆಯಲ್ಲಿ ಆ ಹೊತ್ತಿಗೆ ಹಾಗೆ ಬೇಡಿಕೊಂಡವಳು ನಾನೊಬ್ಬಳೇ ಇರಬೇಕು. ನೀಲವ್ವನ ಹತ್ತಿರ ಇನ್ನು ಮೂರು ದಿನಕ್ಕಾಗುವಷ್ಟು ಹಿಟ್ಟು ಇತ್ತು.

ಮಳೆ ನಿಲ್ಲಲಿಲ್ಲ. ಎರಡನೆಯ ದಿನ ಜೀಪು ತೆಗೆದುಕೊಂಡು ಹೊರಟೆವು; ಯಮನೂರು ದಾಟಿ ಒಂದು ಮೈಲಿ ಹೋಗುವುದರೊಳಗೆ ಅದು ಬಾಗಿಲ ಮಟ್ಟಕ್ಕೆ ಹೂತಿತು. ಅದನ್ನು ಎಳೆದು ತೆಗೆಯಲು ಮರುದಿನ ಸಂಜೆಯಾಯಿತು. ಹಳ್ಳ ತುಂಬಿ ರಾಡಿಯಾಗಿ ಹರಿಯುತ್ತಿದೆ ಎಂದು ಬಂದವರು ಹೇಳಿದರು. ನಾಲ್ಕನೆಯ ದಿನ ಮಳೆ ಹೊಳವಾಯಿತು, ಬಿಸಿಲು ಬಿತ್ತು. ಎತ್ತಿನ ಗಾಡಿಯಾದರೆ ಹೋದೀತು ಎಂದು ಯಮನೂರಿನಲ್ಲಿ ಮನೆ ಮನೆಗೆ ಹೋಗಿ ಗಾಡಿ ಕೇಳಿದೆ. ಯಾರೂ ಕೊಡಲಿಲ್ಲ. ಹೆಸರುಕಾಳು ಬಿತ್ತುವ ಹದ. ಎರಡು ವರ್ಷದ ಮೇಲೆ ಬಂದ ಹದ, ಮೂರು ದಿನ ಹೋದರೆ ಹೋಯಿತು. ಎತ್ತು ಕೂರಿಗೆಗೆ ಬೇಕು. ಒಬ್ಬ ಮುದುಕ ರೈತ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ಬಹಳ ನೊಂದುಕೊಂಡೇ ಇಲ್ಲ ಎಂದ. ಸಿಟ್ಟು ಮಾಡಲು ನನಗೆ ಯಾವ ಹಕ್ಕೂ ಇರಲಿಲ್ಲ. ಅವನು ತನ್ನ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದ.

ಆರನೆಯ ದಿನ ಹಳ್ಳ ಸೊಂಟದ ಮಟ್ಟಕ್ಕೆ ಇಳಿದಿದೆ ಎಂದು ಸುದ್ದಿ ಬಂತು. ಹುಸೇನ್ ಕಾಕಾ ಅಣ್ಣಿಗೇರಿಯಿಂದ ಯಮನೂರಿನವರೆಗೆ ಲಾರಿ ತಂದು ನಿಲ್ಲಿಸಿದರು. ಅಲ್ಲಿಂದ ಮುಂದೆ ಹೊತ್ತೇ ಹೋಗಬೇಕು. ಅವರು ದರ್ಗಾದ ಅಂಗಳಕ್ಕೆ ಹೋಗಿ, ಹರಕೆ ತೀರಿಸಲು ಬಂದು ಮಳೆಗೆ ಸಿಕ್ಕಿಕೊಂಡಿದ್ದ ಜನರ ಜೊತೆ ಮಾತಾಡಿದರು. ಏನು ಹೇಳಿದರೋ, ಒಂಬತ್ತು ಜನ ಎದ್ದು ಬಂದರು. ಬಿತ್ತಲು ಹೊಲ ಇಲ್ಲದವರು ಅವರೆಲ್ಲ, ಅದಕ್ಕೇ ಆ ದಿನ ಕೈ ಖಾಲಿ ಇತ್ತು. ಹಿಟ್ಟನ್ನು ಸಣ್ಣ ಗಂಟುಗಳಾಗಿ ಕಟ್ಟಿ, ತಾಡಪತ್ರಿಯ ತುಂಡು ಸುತ್ತಿ, ತಲೆಯ ಮೇಲೆ ಇಟ್ಟುಕೊಂಡು ಹಳ್ಳಕ್ಕೆ ಇಳಿದೆವು. ನಾನೂ ಒಂದು ಗಂಟು ಹೊತ್ತೆ. ನೀರು ಸೀರೆಯನ್ನು ಒಂದು ಕಡೆ ಎಳೆಯುತ್ತಿತ್ತು, ಕಾಲ ಕೆಳಗಿನ ಮಣ್ಣು ಇನ್ನೊಂದು ಕಡೆ. ಮುಂದಿದ್ದ ಕಾಕಾ ತಿರುಗಿ ನೋಡದೆ, ನನ್ನ ಹೆಜ್ಜಿ ಮ್ಯಾಲೇ ಹೆಜ್ಜಿ ಇಡ್ರಿ ಎಂದು ಹೇಳುತ್ತಲೇ ಹೋದರು.

ಕುರಿಹಾಳ ಮುಟ್ಟುವಾಗ ಮಕ್ಕಳ ಊಟದ ಹೊತ್ತು. ಶಾಲೆಯಿಂದ ಹೊಗೆ ಏಳುತ್ತಿತ್ತು. ಹೊಗೆ ಕಂಡು ನನಗೆ ಅಳು ಬಂತು. ಏನನ್ನೋ ಬೇಯಿಸುತ್ತಿದ್ದಾರೆ, ಮಕ್ಕಳು ಉಪವಾಸ ಇಲ್ಲ. ನೀಲವ್ವ ಹಿಟ್ಟು ಮುಗಿದ ದಿನವೇ ಮನೆ ಮನೆ ತಿರುಗಿ ಜೋಳದ ನುಚ್ಚು ಎತ್ತಿ ತಂದು, ಅಂಬಲಿ ಕಾಸಿ ಹಾಕುತ್ತಿದ್ದಳು. ಒಂದು ದಿನವೂ ಒಲೆ ಆರಿರಲಿಲ್ಲ.

ಪಡಸಾಲೆಗೆ ಕಾಲಿಟ್ಟೆ. ಗೋಣಿತಟ್ಟನ್ನು ನಡುವೆ ಕತ್ತರಿಸಿದ್ದರು. ಒಂದು ತುಂಡು ಒಳಗೋಡೆಯ ಕಡೆ, ಇನ್ನೊಂದು ತುಂಡು ಬಾಗಿಲ ಕಡೆ, ನಡುವೆ ಎತ್ತು ಹಾಯುವಷ್ಟು ಜಾಗ.

ನೀಲವ್ವ ನನ್ನ ತಲೆಯ ಮೇಲಿನ ಗಂಟನ್ನು ಇಳಿಸಿಕೊಂಡಳು. ಒದ್ದೆ ಸೀರೆ ನೋಡಿ ತನ್ನದೊಂದು ಸೀರೆ ತಂದುಕೊಟ್ಟಳು. ನನ್ನ ಕಣ್ಣು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ನುಚ್ಚು ಕೊಟ್ಟ ಮನೆಗಳವರು ಕೊಡುವಾಗಲೇ ಕರಾರು ಹಾಕಿದ್ದರು: ಪರದೇಶದ ಹಿಟ್ಟಿಗೆ ನಿಮ್ಮ ನಿಯಮ ಇರಲಿ, ನಮ್ಮ ಮನೆಯ ಜೋಳಕ್ಕೆ ನಮ್ಮ ಪದ್ಧತಿ. ಮೂವತ್ತು ಮಕ್ಕಳ ಮುಖ ನೋಡಿ ಅವಳು ಒಪ್ಪಿಕೊಂಡಿದ್ದಳು.

ಹಿಟ್ಟು ಬಂತಲ್ಲ, ನಾಳೆಯಿಂದ ಮೊದಲಿನ ಹಾಗೆ ಮಾಡೋಣ ಎಂದೆ.

"ಆಗೂದಿಲ್ರಿ ಬಾಯಾರ. ಅವರ ಜ್ವಾಳಾ ತಿಂದೇವಿ. ಹಿಟ್ಟ ಬಂತು ಅಂತ ನಾಳೆ ಮಾತ ತಿರಗಿಸಿದ್ರ, ಮತ್ತ ಮಳಿ ಹತ್ತಿದಾಗ ಯಾರ ಮನಿ ಬಾಗಲಾ ಬಡೀಲಿ ನಾನು?"

ಹಾಗಿದ್ದರೆ ಒಂದು ಸಾಲು ಆಗುವವರೆಗೆ ಹಿಟ್ಟೇ ಕೊಡುವುದಿಲ್ಲ ಎಂದು ಊರಿಗೆ ಹೇಳುತ್ತೇನೆ ಎಂದೆ. ಅಷ್ಟು ಅಧಿಕಾರ ನನ್ನ ಕೈಯಲ್ಲಿತ್ತು, ಅಥವಾ ಇದೆ ಎಂದುಕೊಂಡಿದ್ದೆ. ನೀಲವ್ವ ಅಂಬಲಿ ಬಡಿಸುವುದನ್ನು ನಿಲ್ಲಿಸದೆ ಹೇಳಿದಳು:

"ಹಂಗ ಮಾಡಿದ್ರ ಹುಡುಗ್ರು ಹಸದ ಇರತಾವ. ನೀವು ತಿರಗಿ ಹೋಗತೀರಿ. ನಾ ಇಲ್ಲೇ ಇರಾಕಿ."

ಬಾಗಿಲ ಕಡೆಯ ತಟ್ಟಿನ ಮೇಲೆ ರೇಣಿ ಇರಲಿಲ್ಲ. ಕೇಳಿದ್ದಕ್ಕೆ, ತಟ್ಟು ಕತ್ತರಿಸಿದ ದಿನದಿಂದ ದುರ್ಗವ್ವ ಕಳಿಸುತ್ತಿಲ್ಲ ಎಂದಳು. ನಾನು ಹೊಲಗೇರಿಗೆ ಹೋದೆ. ದುರ್ಗವ್ವ ಬಿತ್ತನೆಯ ಕೂಲಿಗೆ ಹೋಗಿ ಆಗಷ್ಟೇ ಬಂದಿದ್ದಳು, ಮೊಣಕಾಲವರೆಗೆ ಕೆಸರು. ರೇಣಿ ಅವಳ ಬೆನ್ನಿಗೆ ಅಂಟಿಕೊಂಡಿತ್ತು. ಮಗುವಿನ ಕಣ್ಣು ಮತ್ತೆ ಒಳಗೆ ಹೋಗಿದ್ದವು. ಮಳೆ, ಹಳ್ಳ, ದಾರಿ ಎಂದು ನಾನು ಏನೇನೋ ಹೇಳಿದೆ. ನಾಲ್ಕು ದಿನದ ಮಾತು, ಮಗುವನ್ನು ಉಪವಾಸ ಹಾಕಬೇಡ, ಎಲ್ಲಿ ಕೂತರೇನು, ಅಂಬಲಿ ಅಂಬಲಿಯೇ ಎಂದೂ ಹೇಳಿದೆ. ಅವಳು ಕೇಳಿಸಿಕೊಂಡಳು. ಕಾಲು ತೊಳೆದುಕೊಳ್ಳುತ್ತ, ತಲೆ ಎತ್ತದೆ, ಜಗಳದ ದನಿಯೇ ಇಲ್ಲದೆ ಹೇಳಿದಳು:

"ಮೊದಲಿಂದ ಬ್ಯಾರೇ ಕುಂದ್ರಿಸಿದ್ರ ಕಳಸ್ತಿದ್ನಿರಿ. ನಮಗೇನ ಅದು ಹೊಸಾದಲ್ಲ. ನೀವು ಜೋಡಿ ಕುಂದ್ರಿಸಿ ಎಬ್ಬಿಸಿದ್ರಿ. ನನ್ನ ಮಗಳು ಯಾಕ ಎಬ್ಬಿಸಿದ್ರವ್ವಾ ಅಂತ ಕೇಳತೈತಿ. ಏನ ಹೇಳಲಿ?"

'ನೀವು' ಎಂದದ್ದು ಸಂಸ್ಥೆಗೆ ಎಂದುಕೊಂಡೆ.

ಹುಸೇನ್ ಕಾಕಾ ಮತ್ತು ಹೊತ್ತು ಬಂದವರು ಅಂದೇ ಮರಳಿದರು. ನಾನು ಹೋಗಲಿಲ್ಲ. ಯಾಕೆ ಉಳಿದೆ ಎಂದು ನನಗೂ ಸರಿಯಾಗಿ ಗೊತ್ತಾಗಲಿಲ್ಲ. ನವಲಗುಂದದ ಕಚೇರಿ, ಅಣ್ಣಿಗೇರಿಯ ಗೋದಾಮು, ಎಲ್ಲ ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದವು. ಆದರೂ ಒಂಬತ್ತು ದಿನ ಕುರಿಹಾಳದಲ್ಲಿ, ನೀಲವ್ವನ ಮೈದುನನ ಮನೆಯ ಹೊರಕೋಣೆಯಲ್ಲಿ ಇದ್ದೆ. ದುರ್ಗವ್ವನಿಗೆ ಹಸಿಹಿಟ್ಟು ಮತ್ತು ಎಣ್ಣೆ ಮನೆಗೇ ಕೊಟ್ಟೆ. ಬೇಯಿಸಿದ್ದನ್ನು ಬಿಟ್ಟು ಹಸಿಹಿಟ್ಟು ಯಾರಿಗೂ ಕೊಡಕೂಡದೆಂಬ ನಿಯಮವನ್ನು ಉಳಿದವರಿಗೆ ಹೇಳಿಕೊಟ್ಟವಳೇ ನಾನು. ದುರ್ಗವ್ವ ಅದನ್ನು ಬೇಡ ಎನ್ನಲಿಲ್ಲ, ಕೈ ಚಾಚಿ ಬೇಡಲೂ ಇಲ್ಲ. ಪಾತ್ರೆ ತಂದು ಮುಂದಿಟ್ಟಳು, ನಾನು ಸುರಿದೆ. ಮೂರನೆಯ ದಿನದಿಂದ ರೇಣಿ ನನ್ನ ಕೈಬೆರಳು ಹಿಡಿಯತೊಡಗಿತು.

ನೀಲವ್ವ ಊರಿನವರೊಡನೆ ಒಂದು ಮಾತನ್ನೂ ಆಡಲಿಲ್ಲ. ಅವಳು ಮಾಡಿದ್ದು ಬೇರೆ. ದಿನಾ ಕಸ ಹೊಡೆದು ತಟ್ಟು ಹಾಸುವವಳು ಅವಳೇ ತಾನೆ. ಬಾಗಿಲ ಕಡೆಯ ತಟ್ಟನ್ನು ಮೊದಲ ದಿನ ಒಂದು ಗೇಣು ಒಳಗೆ ಹಾಸಿದಳು. ಮಳೆಯ ಇರಚಲು ಬಡಿಯುತ್ತದೆ ಎಂದಳು. ನಾಲ್ಕು ದಿನ ಬಿಟ್ಟು ಇನ್ನೊಂದು ಗೇಣು. ಒಳಗೋಡೆಯ ಕಡೆ ಸೋರುತ್ತದೆ ಎಂದು ಆ ತಟ್ಟನ್ನೂ ಇತ್ತ ಸರಿಸಿದಳು. ಮಕ್ಕಳನ್ನು ಬಿಡಲು ಬಂದ ತಾಯಂದಿರು ನೋಡಿದರು, ಸುಮ್ಮನೆ ಹೋದರು. ಒಂದೊಂದು ಗೇಣಿಗೆ ಯಾರು ಜಗಳಕ್ಕೆ ಬರುತ್ತಾರೆ? ನಾನು ಹೊರಡುವ ಹೊತ್ತಿಗೆ ನಡುವೆ ಎತ್ತು ಹಾಯುವಷ್ಟಿದ್ದ ಜಾಗದಲ್ಲಿ ಕರು ಹಾಯುವುದೂ ಕಷ್ಟವಾಗಿತ್ತು. ನನಗೋ ತಡೆಯಲಾರದ ಅವಸರ. ಒಂದೇ ಸಲ ಎಳೆದು ಕೂಡಿಸಿಬಿಡು ಎಂದು ಹೇಳಿಯೂ ಹೇಳಿದೆ. ನೀಲವ್ವ ನಕ್ಕು, ನಿಮ್ಮ ಕೆಲಸ ಲಾರಿದು, ಇದು ಹಂಗಲ್ಲ ಎಂದಳು.

ನವಲಗುಂದಕ್ಕೆ ಬಂದು ತಿಂಗಳ ವರದಿ ಟೈಪು ಮಾಡಿದೆ. ಕುರಿಹಾಳದ ಮುಂದೆ ಏನು ಬರೆಯಬೇಕೆಂದು ಬಹಳ ಹೊತ್ತು ಎದ್ದು ತಿರುಗಾಡಿದೆ. ಕೊನೆಗೆ 'ಮಳೆಯಿಂದ ದಾರಿ ಮುಚ್ಚಿದ್ದರಿಂದ ವಿಳಂಬ' ಎಂದು ಬರೆದೆ. ಜೋಸೆಫ್ ಸರ್ ಓದಿ, ಆ ಸಾಲಿನ ಮೇಲೆ ಬೆರಳಿಟ್ಟು, "ಮಳೆಯಿಂದಲೇ ಅಲ್ಲವಾ?" ಎಂದು ಕೇಳಿದರು. ಅವರೂ ಅದನ್ನೇ ಯೋಚಿಸುತ್ತಿದ್ದರೆಂದು ಈಗ ಅನ್ನಿಸುತ್ತದೆ. ಆಗ ಹೇಳಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತೋ ಏನೋ. ಹೌದು ಸರ್ ಎಂದೆ. ಅವರು ಸಹಿ ಮಾಡಿದರು.

ಆಮೇಲಿನ ತಿಂಗಳುಗಳಲ್ಲಿ ನಾನು ಅತಿಯಾಗಿ ಕೆಲಸ ಮಾಡಿದೆ. ಎಲ್ಲ ಊರಿಗೂ ಎರಡು ತಿಂಗಳ ಹಿಟ್ಟು ಮುಂಚೆಯೇ ತುಂಬಿಸಿದೆ. ಎರಡು ಊರಲ್ಲಿ ಹುಳ ಬಿದ್ದು ಚೆಲ್ಲಬೇಕಾಯಿತು. ಮೋಡ ಕಂಡರೆ ಊಟ ಬಿಟ್ಟು ಏಳುತ್ತಿದ್ದೆ. ಹುಸೇನ್ ಕಾಕಾನ ಎದುರು ಕೂತಾಗ ಆ ದಿನದ ಮಾತು ಎತ್ತಬೇಕೆಂದು ಎಷ್ಟೋ ಸಲ ಬಾಯಿ ತೆರೆದು, ಟೈರಿನ ಬಗ್ಗೆ ಕೇಳಿ ಮುಚ್ಚಿದೆ. ಅವರೂ ಎತ್ತಲಿಲ್ಲ. ಶ್ರಾವಣದ ಕೊನೆಗೆ ಕುರಿಹಾಳದಿಂದ ಬಂದ ನರ್ಸು ತಟ್ಟು ಎರಡೂ ಕೂಡಿದವು ಎಂದು ಹೇಳಿದಳು. ಯಾವ ದಿನ ಕೂಡಿದವು ಎಂದು ಕೇಳಿದೆ. ಯಾರಿಗೂ ಗೊತ್ತಿಲ್ಲ ಎಂದಳು. ರೇಣಿ ಬರುತ್ತಿದೆಯಂತೆ. ಮೂರು ಮನೆಯ ಮಕ್ಕಳು ಬಿಟ್ಟುಹೋದವಂತೆ, ಅವು ಕೊನೆಯವರೆಗೂ ತಿರುಗಿ ಬರಲಿಲ್ಲ.

ಆ ವರ್ಷದ ಬೆಳೆ ಚೆನ್ನಾಗಿ ಬಂತು. ಡಿಸೆಂಬರಿಗೆ ಸಂಸ್ಥೆ ತನ್ನ ಕೆಲಸ ಮುಗಿಸಿ ಬೇರೆ ಜಿಲ್ಲೆಗೆ ಹೊರಟಿತು. ಊರೂರಿಗೆ ಹೋಗಿ ತಕ್ಕಡಿ, ಪಾತ್ರೆ, ಉಳಿದ ಸಾಮಾನು ತರುವುದು ನನ್ನ ಕೊನೆಯ ಕೆಲಸ. ಕುರಿಹಾಳವನ್ನು ಮುಂದೂಡುತ್ತ ಹೋಗಿ, ಬೇರೆ ಊರು ಉಳಿಯದಾದಾಗ ಹೊರಟೆ. ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿತ್ತು, ಜೀಪು ಸಲೀಸಾಗಿ ದಾಟಿತು. ನೀಲವ್ವ ಪಾತ್ರೆಗಳನ್ನು ಬೂದಿ ಹಾಕಿ ಬೆಳಗಿ ಬೋರಲು ಹಾಕಿ ಇಟ್ಟಿದ್ದಳು. ಸರಕಾರದವರು ಬಾಲವಾಡಿ ತೆರೆಯುತ್ತಾರಂತೆ, ಅಡುಗೆಗೆ ಅವಳನ್ನೇ ಇಟ್ಟುಕೊಳ್ಳುತ್ತಾರಂತೆ. ದೊಡ್ಡ ಪಾತ್ರೆಯನ್ನು ಅಲ್ಲೇ ಬಿಟ್ಟೆ.

ದುರ್ಗವ್ವ ಒಬ್ಬ ದೊಡ್ಡ ರೈತರ ಕಣದಲ್ಲಿ ಇದ್ದಳು. ಅಂಗಳದ ತುಂಬ ಮೆಣಸಿನಕಾಯಿ ಹರವಿತ್ತು, ಹೆಂಗಸರು ಕೂತು ತೊಟ್ಟು ಮುರಿಯುತ್ತಿದ್ದರು. ಘಾಟಿಗೆ ನಾನು ಕೆಮ್ಮಿದೆ. ಅವಳು ಎದ್ದು ನನ್ನನ್ನು ಗಾಳಿಯ ಕಡೆಗೆ, ಬೇವಿನ ಮರದ ಬುಡಕ್ಕೆ ಕರೆತಂದಳು. ಉಡಿಯಲ್ಲಿದ್ದ ಕಾಯಿಗಳನ್ನು ಬಿಡದೆ ತಂದು ಅಲ್ಲೇ ಕೂತು ತೊಟ್ಟು ಮುರಿಯತೊಡಗಿದಳು. ರೇಣಿ ದೂರದಲ್ಲಿ ಬೇರೆ ಮಕ್ಕಳ ಹಿಂದೆ ಓಡುತ್ತಿತ್ತು. ಕಾಲು ಇನ್ನೂ ಸಣ್ಣವು, ಆದರೆ ಓಡುತ್ತಿತ್ತು.

ಹೊರಡುವ ಮೊದಲು ಹೇಳದಿದ್ದರೆ ಇನ್ನು ಎಂದೂ ಹೇಳುವುದಿಲ್ಲ ಎನ್ನಿಸಿತು. ನಿಂತುಕೊಂಡೇ ಹೇಳಿದೆ. ಆ ಸಲ ಹಿಟ್ಟು ತಡವಾದದ್ದು ಮಳೆಯಿಂದ ಅಲ್ಲ. ಮಳೆಗೆ ಮೊದಲೇ ನಿಮ್ಮೂರಿನ ಲಾರಿ ತುಂಬಿ ನಿಂತಿತ್ತು. ಬಂದವರಿಗೆ ತೋರಿಸಲು ಬಸಾಪುರಕ್ಕೆ ಕಳಿಸಿದವಳು ನಾನು. ಯಾರೂ ನನಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ.

ದುರ್ಗವ್ವನ ಕೈ ನಿಲ್ಲಲಿಲ್ಲ.

"ಗೊತ್ತೈತ್ರಿ," ಎಂದಳು. "ಬಸಾಪುರ ನನ್ನ ತವರಮನಿ. ಕೆರಿ ಕೆಲಸಕ್ಕ ಹೋಗಿದ್ದ ನಮ್ಮಣ್ಣ ಆವತ್ತ ಅಲ್ಲೇ ನಿಂತಿದ್ದ. ಚೀಲದ ಮ್ಯಾಲ ನಮ್ಮ ಊರ ಹೆಸರ ಇತ್ತಂತ. ಸಂಜೀಕ, ಹಳ್ಳ ತುಂಬೂದ್ರಾಗ ಬಂದು ಹೇಳಿ ಹೋದ."

ಅಂದರೆ ನಾನು ತಲೆಯ ಮೇಲೆ ಗಂಟು ಹೊತ್ತು ಕುರಿಹಾಳಕ್ಕೆ ಬರುವ ಮೊದಲೇ ಅವಳಿಗೆ ಗೊತ್ತಿತ್ತು. ಮಳೆ, ಹಳ್ಳ, ದಾರಿ ಎಂದು ನಾನು ಅವಳ ಬಾಗಿಲಲ್ಲಿ ನಿಂತು ಹೇಳಿದಾಗ ಗೊತ್ತಿತ್ತು. ಒಂಬತ್ತು ದಿನ ಅವಳ ಪಾತ್ರೆಗೆ ಹಿಟ್ಟು ಸುರಿದಾಗ ಗೊತ್ತಿತ್ತು. ನೀಲವ್ವನಿಗೂ ಗೊತ್ತೇ ಎಂದು ಕೇಳಿದೆ.

"ಊರಿಗೆಲ್ಲಾ ಗೊತ್ತೈತಿ."

ಮತ್ತೆ ಯಾಕೆ ಯಾರೂ ಒಂದು ಮಾತು ಕೇಳಲಿಲ್ಲ ಎಂದೆ. ಅವಳು ಆಗ ತಲೆ ಎತ್ತಿ ನನ್ನನ್ನು ನೋಡಿದಳು. ಮೆಣಸಿನಕಾಯಿಯ ಘಾಟಿಗೆ ಅವಳ ಕಣ್ಣು ಕೆಂಪಾಗಿದ್ದವು.

"ನೀವ ಯಾವಾಗ ಹೇಳತೀರಿ ಅಂತ ನೋಡಾಕತ್ತಿದ್ದೆ," ಎಂದಳು. "ಆರ ತಿಂಗಳಾತು."

ಅಷ್ಟು ಹೇಳಿ ಅವಳು ಉಡಿಯ ಕಾಯಿಗಳಿಗೆ ತಿರುಗಿದಳು. ಜೀಪಿನವನು ಎರಡು ಸಲ ಹಾರ್ನ್ ಮಾಡಿದ. ನಾನು ಅಲ್ಲೇ ಬೇವಿನ ಬುಡದಲ್ಲಿ ಅವಳ ಎದುರು ಕೂತು, ಒಂದು ಹಿಡಿ ಕಾಯಿ ತೆಗೆದುಕೊಂಡು, ಅವಳು ಮುರಿಯುವ ಹಾಗೇ ಮುರಿಯಲು ನೋಡಿದೆ. ಹಂಗಲ್ಲ ಎಂದು ಅವಳು ನನ್ನ ಕೈಯಿಂದ ಒಂದು ಕಾಯಿ ತೆಗೆದುಕೊಂಡು, ಹೆಬ್ಬೆರಳನ್ನು ಎಲ್ಲಿ ಇಡಬೇಕೆಂದು ತೋರಿಸಿದಳು.